ಸೇನೆ ಬಿಟ್ಟ ರೈಫಲು, ಬೇಟೆಗಾರನ ಮೊದಲ ಕೋವಿ



ಬೇಟೆಯ ಹಂಬಲ ಹೊಸದಾಗಿ ಹತ್ತಿದವನಿಗೆ ಮೊದಲು ಎದುರಾಗುವ ಪ್ರಶ್ನೆ ಕಾಡಿನದಲ್ಲ, ಮೃಗದ್ದೂ ಅಲ್ಲ, ಕೋವಿಯದು. ಯಾವ ಕೋವಿಯನ್ನು ಕೊಳ್ಳಬೇಕು, ಅದಕ್ಕೆ ಎಷ್ಟು ಹಣವನ್ನು ಹಾಕಬೇಕು? ಸಮುದ್ರದಾಚೆಯ ದೇಶಗಳಲ್ಲಿ ಇದಕ್ಕೆ ಬಹುಕಾಲದಿಂದ ಒಂದು ಸಿದ್ಧವಾದ ಉತ್ತರವುಂಟು: ಸೇನೆಯವರು ಬಳಸಿ ಬಿಟ್ಟ ರೈಫಲೊಂದನ್ನು ಕೊಂಡುಕೊ, ಅಗ್ಗ, ಗಟ್ಟಿ, ತಲೆಮಾರು ಬಾಳುತ್ತದೆ. ಈ ಮಾತು ಪುಸ್ತಕಗಳ ಮೂಲಕವೂ ಪತ್ರಿಕೆಗಳ ಮೂಲಕವೂ ನಮ್ಮ ಊರಿಗೂ ಬಂದು ಸೇರಿದೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಜಯನಗರ, ಬನಶಂಕರಿ, ಸಾರಕ್ಕಿಯ ಕಡೆಯ ಮನೆಗಳಲ್ಲಿ, ಈ ಪ್ರಶ್ನೆ ಈಗ ಎರಡು ರೂಪವನ್ನು ತಾಳಿ ಬರುತ್ತದೆ. ಅಮೆರಿಕದಲ್ಲೋ ಕೆನಡದಲ್ಲೋ ನೆಲಸಿದ ಮಗನು, ಅಲ್ಲಿಯ ಸ್ನೇಹಿತರೊಡನೆ ಜಿಂಕೆಯ ಬೇಟೆಗೆ ಹೋಗುವ ಮನಸ್ಸಾಗಿ, ಇಂಥ ರೈಫಲೊಂದನ್ನು ಕೊಳ್ಳಲೇ ಎಂದು ಕೇಳುವುದು ಒಂದು. ತಾತನ ಕಾಲದ ಕೋವಿಯೊಂದು ಬೀರುವಿನ ಹಿಂದೆ ಕಂಡುಬಂದು, ಇದು ಸೇನೆಯದೋ ಮನೆಯದೋ, ಇಟ್ಟುಕೊಳ್ಳಬಹುದೋ ಬಾರದೋ ಎಂದು ಮನೆಯವರು ಗಾಬರಿಗೊಳ್ಳುವುದು ಇನ್ನೊಂದು. ಎರಡು ಪ್ರಶ್ನೆಗಳೂ ನಮ್ಮ ಬಳಿಗೆ ಬಂದಿವೆ. ಒಂದಕ್ಕೆ ಉತ್ತರ ಹೇಳಹೊರಟರೆ ಇನ್ನೊಂದು ತಾನಾಗಿಯೇ ಒಳಗೆ ಬರುವುದರಿಂದ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತೇವೆ.

ಸಿದ್ಧ ಉತ್ತರ ಹುಟ್ಟಿದ ಬಗೆಯನ್ನು ಮೊದಲು ನೋಡೋಣ. ಸಿಪಾಯಿಯ ರೈಫಲೆಂದರೆ ಕೆಸರಿನಲ್ಲಿ ಬಿದ್ದು, ಮಳೆಯಲ್ಲಿ ನೆನೆದು, ಅರೆಗಲಿತ ಕೈಗಳಲ್ಲಿ ಪೆಟ್ಟು ತಿಂದು, ಅದಾದಮೇಲೂ ಹೇಳಿದ ಕ್ಷಣದಲ್ಲಿ ಹಾರಬೇಕಾದ ಯಂತ್ರ. ಜರ್ಮನರು 1898 ರಲ್ಲಿ ಒಪ್ಪಿಕೊಂಡ ಮೌಸರು, ಇಂಗ್ಲಿಷರ ಲೀ-ಎನ್‌ಫೀಲ್ಡು, ಇವೆರಡೂ ಈ ಜಾತಿಯಲ್ಲಿ ಶ್ರೇಷ್ಠವಾದವು. ನಮ್ಮ ಪೋಲೀಸು ಪೇದೆಗಳ ಹೆಗಲ ಮೇಲೆ ಎಲ್ಲರೂ ನೋಡಿರುವ ಗಿಡ್ಡ ಮೂತಿಯ ಲೀ-ಎನ್‌ಫೀಲ್ಡು 1907 ರ ಮಾದರಿ. ತೂಕ ಸುಮಾರು 4 ಕಿಲೋಗ್ರಾಂ. ಹೊಟ್ಟೆಯಲ್ಲಿ 10 ತೋಟಾ. ಎರಡನೆಯ ಮಹಾಯುದ್ಧವು 1945 ರಲ್ಲಿ ಮುಗಿದಾಗ ಇಂಥ ರೈಫಲುಗಳು ಲಕ್ಷಗಟ್ಟಲೆ ಕೆಲಸವಿಲ್ಲದೆ ಉಳಿದವು. ವ್ಯಾಪಾರಿಗಳು ಅವನ್ನು ಸಗಟಾಗಿ ಕೊಂಡು, ಅಮೆರಿಕದಲ್ಲಿ ಅಂಚೆಯ ಮೂಲಕವೂ ಮಾರಿದರು. ಕೊಂಡವನು ಉದ್ದನೆಯ ಮರವನ್ನು ಮೊಟಕುಮಾಡಿಸಿ, ಸಂಗೀನು ಸಿಕ್ಕಿಸುವ ಕಬ್ಬಿಣವನ್ನು ತೆಗೆಸಿ, ಹಗುರಮಾಡಿಕೊಂಡು ಕಾಡಿಗೆ ಹೋದನು. 1968 ರಲ್ಲಿ ಆ ದೇಶದವರು ಮಾಡಿದ ಕಾನೂನು ಅಂಚೆಯ ವ್ಯಾಪಾರವನ್ನೂ ಹೊರದೇಶಗಳ ಸೇನಾಸಾಮಗ್ರಿಯ ಆಮದನ್ನೂ ತಡೆಯುವವರೆಗೆ ಇದು ನಡೆಯಿತು. ಕೆನಡದ ಉತ್ತರದಲ್ಲಿ, ಹಿಮದ ನಾಡಿನಲ್ಲಿ ಕಾವಲಿರುವ ರೇಂಜರುಗಳು ಈ ಶತಮಾನದ ಎರಡನೆಯ ದಶಕದವರೆಗೂ ಲೀ-ಎನ್‌ಫೀಲ್ಡನ್ನೇ ಹೊತ್ತಿದ್ದರು. ಎಣ್ಣೆ ಹೆಪ್ಪುಗಟ್ಟುವ ಚಳಿಯಲ್ಲಿಯೂ ಅದರ ಬೋಲ್ಟು ತೆರೆಯುತ್ತದೆಂಬುದೇ ಅದಕ್ಕೆ ಸಿಕ್ಕ ಪ್ರಶಸ್ತಿಪತ್ರ.

ಸೇನೆಯ ಕೋವಿಗೂ ಬೇಟೆಯ ಕೋವಿಗೂ ರಕ್ತಸಂಬಂಧ ಬಹಳ ಹತ್ತಿರದ್ದು. ಕುಮಾವೂನಿನ ಜಿಮ್ ಕಾರ್ಬೆಟ್ಟರಿಗೆ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕಾಗಿ 1907 ರಲ್ಲಿ ಬಹುಮಾನವಾಗಿ ಬಂದ .275 ರಿಗ್ಬಿ ರೈಫಲು, ಮೌಸರಿನ ಯಂತ್ರಕ್ಕೆ ಒಳ್ಳೆಯ ಬಟ್ಟೆ ತೊಡಿಸಿದ್ದು. ಅದರ ತೋಟಾ ದಕ್ಷಿಣ ಆಫ್ರಿಕದ ಬೋಯರರು ಇಂಗ್ಲಿಷರ ಮೇಲೆ ಹಾರಿಸಿದ 7 ಮಿಲಿಮೀಟರಿನದೇ. ನಮ್ಮ ಬೆಂಗಳೂರಿನಲ್ಲೇ ಬಾಳಿ 1974 ರಲ್ಲಿ ಇಲ್ಲಿಯೇ ತೀರಿಕೊಂಡ ಕೆನೆತ್ ಆಂಡರ್‌ಸನ್ನರು ಬಹುವಾಗಿ ನೆಚ್ಚಿದ್ದ .405 ವಿಂಚೆಸ್ಟರು 1895 ರ ಮಾದರಿಯದು. ಅದೇ ಮಾದರಿಯನ್ನು ಮೊದಲನೆಯ ಮಹಾಯುದ್ಧದಲ್ಲಿ ರಷ್ಯದ ಸೇನೆಗಾಗಿ ಲಕ್ಷಗಳ ಲೆಕ್ಕದಲ್ಲಿ ಮಾಡಿಕೊಟ್ಟರು. ಆದುದರಿಂದ ಸೇನೆಯ ರೈಫಲು ಬೇಟೆಗೆ ಸಲ್ಲದೆಂದು ಯಾರೂ ಹೇಳಲಾರರು. ಸಲ್ಲುತ್ತದೆ; ಆದರೆ ಎಲ್ಲಿ, ಯಾರಿಗೆ, ಯಾವ ಗುಂಡಿನೊಡನೆ ಎಂಬುದನ್ನು ವಿಚಾರಿಸಬೇಕು.

ಭರತಖಂಡದಲ್ಲಿ ಈ ಸಲಹೆಯ ಕಾಲು ಮುರಿದಿರುವುದು ಕಾನೂನಿನ ಹೊಸಲಿನಲ್ಲಿಯೇ. 1857 ರ ದಂಗೆಯನ್ನು ಕಂಡ ಸರ್ಕಾರ 1878 ರಲ್ಲಿ ಆಯುಧಗಳ ಕಾನೂನನ್ನು ಮಾಡಿತು. ಅಲ್ಲಿಂದ ಮುಂದೆ ಅವರಿಗಿದ್ದ ಒಂದೇ ಭಯ, ಸೇನೆಯ ತೋಟಾ ಕಳುವಾಗಿ ಹೊರಗಿನವರ ಕೋವಿಗೆ ಹೊಂದಬಾರದೆಂಬುದು. 1907 ರ ಸುಮಾರಿಗೆ .450 ಅಳತೆಯ ರೈಫಲುಗಳನ್ನೇ ಇಲ್ಲಿಗೆ ತರಗೊಡದಂತಾಯಿತು. ಹಳೆಯ ಮಾರ್ಟಿನಿ-ಹೆನ್ರಿಯ ತೋಟಾ ಅದೇ ಅಳತೆಯದು, ಗಡಿನಾಡಿನಲ್ಲಿ ಆ ಕೋವಿಗಳು ಬೇಕಾದಷ್ಟಿದ್ದವು ಎಂಬುದೇ ಕಾರಣ. ಆನೆ, ಕಾಟಿಗಳ ಬೇಟೆಗಾರರು ನೆಚ್ಚಿದ್ದ ಅಳತೆಯದು. ಲಂಡನಿನ ಕಸಬುದಾರರು ಸುಮ್ಮನೆ ಕೂರಲಿಲ್ಲ; .465, .470, .475 ಎಂದು ಕೂದಲೆಳೆಯಷ್ಟು ಬದಲಾಯಿಸಿ ಹೊಸ ರೈಫಲುಗಳನ್ನು ಮಾಡಿ ಕಳುಹಿಸಿದರು. ಪುಸ್ತಕಗಳಲ್ಲಿ ಕಾಣುವ ಆ ವಿಚಿತ್ರ ಸಂಖ್ಯೆಗಳಿಗೆ ಇದೇ ಮೂಲ. ದೇಶವೊಂದರ ಪೋಲೀಸು ಭಯವು ಪ್ರಪಂಚದ ಬೇಟೆಕೋವಿಗಳ ಅಳತೆಯನ್ನೇ ತಿದ್ದಿದ ಕಥೆ ಇದು. ಇದನ್ನು ನೆನೆದಾಗಲೆಲ್ಲ ನಮಗೆ ನಗು ಬರುತ್ತದೆ.

ಜನರು ತ್ರೀ-ನಾಟ್-ತ್ರೀ ಎಂದು ಕರೆಯುವ .303 ಕ್ಕೂ ಇದೇ ಕಟ್ಟು. ಸಾಮಾನ್ಯ ಬೇಟೆಗಾರನಿಗೆ ಅದು ಸಿಕ್ಕದಾದಾಗ ಬರ್ಮಿಂಗ್‌ಹ್ಯಾಮಿನವರು ಅದೇ ಲೀ ಯಂತ್ರಕ್ಕೆ .315 ಅಳತೆಯ ನಳಿಗೆಯನ್ನು ಕೂರಿಸಿ ಇಂಡಿಯಾಕ್ಕೆ ಮಾರಿದರು. ಈ .315 ರ ತೋಟಾ ಎಲ್ಲಿಯದು ಬಲ್ಲಿರಾ? ಆಸ್ಟ್ರಿಯದ ಸೇನೆಯ ಮಾನ್ಲಿಖರ್ ರೈಫಲಿನದು. ತನ್ನ ಸೇನೆಯ ತೋಟಾ ಪ್ರಜೆಗಳ ಕೈಗೆ ಹೋಗಬಾರದೆಂದ ಸರ್ಕಾರದ ಕಣ್ಣಮುಂದೆಯೇ ಇನ್ನೊಂದು ಚಕ್ರಾಧಿಪತ್ಯದ ಸೇನೆಯ ತೋಟಾ ಪ್ರಜೆಗಳ ಮನೆಯನ್ನು ಹೊಕ್ಕಿತು. ಸ್ವಾತಂತ್ರ್ಯಾನಂತರ ಕಲ್ಕತ್ತೆಯ ಬಳಿಯ ಇಛಾಪುರದ ರೈಫಲು ಕಾರ್ಖಾನೆಯು, ಸೇನೆಗೆ .303 ಮಾಡುತ್ತಿದ್ದ ಯಂತ್ರಗಳಲ್ಲಿಯೇ ಪಳಗಿದ ಕೈಗಳಿಂದ, .315 ರ ಬೇಟೆಯ ರೈಫಲನ್ನು ನಾಗರಿಕರಿಗಾಗಿ ಮಾಡಿತು. ನಮ್ಮ ದೇಶದಲ್ಲಿ ಸೇನೆಯ ಹಳೆಯ ರೈಫಲಿನ ಸ್ಥಾನವನ್ನು ತುಂಬಿದ್ದು ಇದೇ. ಮೈಕಟ್ಟು ಸೇನೆಯದು, ಬಾಯಿಯ ಅಳತೆ ಮಾತ್ರ ಬೇರೆ.

ಈಗ ಜಾರಿಯಲ್ಲಿರುವುದು 1959 ರ ಆಯುಧಗಳ ಕಾನೂನು. 1962 ರ ಅಕ್ಟೋಬರ್ 1 ರಿಂದ ನಡೆದುಬಂದಿದೆ. ಇದರ ನಿಯಮಗಳಂತೆ .303 ಅಥವಾ 7.62 ಮಿಲಿಮೀಟರಿನ ಸೇನಾತೋಟಾ ಹಿಡಿಯುವ ರೈಫಲು ನಿಷಿದ್ಧ ವರ್ಗಕ್ಕೆ ಸೇರಿದ್ದು. ಕಾವಲುಗಾರರಿಗೆಂದು ಹಳೆಯ ಲೀ-ಎನ್‌ಫೀಲ್ಡುಗಳನ್ನೇ ಮಾರ್ಪಡಿಸಿ ಮಾಡಿದ .410 ಮಸ್ಕೆಟ್ಟು ಕೂಡ ಅಂಥದೇ. ಆದಕಾರಣ ಜಯನಗರದಲ್ಲಿರುವ ಗೃಹಸ್ಥನೊಬ್ಬನು ಸೇನೆಯ ಹಳೆಯ .303 ಒಂದನ್ನು ಅಂಗಡಿಯಲ್ಲಿ ಕೊಂಡು ತಂದೇನೆಂದರೆ ಅದು ಆಗದ ಮಾತು. ಉತ್ತರ ಪ್ರದೇಶದ ಪೋಲೀಸರು 2020 ರ ಗಣರಾಜ್ಯೋತ್ಸವದ ದಿನ .303 ಕ್ಕೆ ಬೀಳ್ಕೊಡುಗೆ ಕೊಟ್ಟಾಗ, ಇನ್ನು ಅವು ಸಂತೆಗೆ ಬರುತ್ತವೆಯೆ ಎಂದು ಕೆಲವರು ಆಸೆಯಿಂದ ನಮ್ಮನ್ನು ಕೇಳಿದರು. ಕೋವಿಗೆ ವಯಸ್ಸಾದಮಾತ್ರಕ್ಕೆ ಅದರ ಅಳತೆ ನಿಷೇಧದಿಂದ ಹೊರಗೆ ಬರುವುದಿಲ್ಲ. ಇದರಲ್ಲಿಯೂ ಒಂದು ಸೋಜಿಗವುಂಟು: ಅಮೆರಿಕದ ಸೇನೆಯ 1906 ರ ತೋಟಾಕ್ಕೆ ಮಾಡಿದ ಬೇಟೆಯ ರೈಫಲಿಗೆ ನಮ್ಮಲ್ಲಿ ಸಾಮಾನ್ಯ ಲೈಸೆನ್ಸು ಸಾಕು. ನಮ್ಮ ಸೇನೆಯ ಪೆಟ್ಟಿಗೆಯಲ್ಲಿ ಆ ತೋಟಾ ಇಲ್ಲವಷ್ಟೆ.

ಇನ್ನು ಲೈಸೆನ್ಸು. ಬೆಂಗಳೂರು ನಗರದಲ್ಲಿ ಅದನ್ನು ಕೊಡತಕ್ಕವರು ಪೋಲೀಸ್ ಕಮಿಷನರು; ಜಿಲ್ಲೆಗಳಲ್ಲಿ ಡೆಪ್ಯುಟಿ ಕಮಿಷನರು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. 2019 ರ ತಿದ್ದುಪಡಿಯಿಂದೀಚೆಗೆ ಒಬ್ಬನಿಗೆ ಎರಡೇ ಆಯುಧ. ಲೈಸೆನ್ಸಿನ ಅವಧಿ 5 ವರ್ಷ. ಹೊಸಬರು ಗಮನಿಸಬೇಕಾದ ಒಂದು ಅಂಶವನ್ನು ಹೇಳಿಬಿಡುತ್ತೇವೆ. ಕಾನೂನೇ ಆತ್ಮರಕ್ಷಣೆಗೋ ಕ್ರೀಡೆಗೋ 20 ಅಂಗುಲಕ್ಕೆ ಕಡಮೆಯಿಲ್ಲದ ನಳಿಗೆಯ ಚರೆಕೋವಿಯನ್ನೂ, ಬೆಳೆಯ ಕಾವಲಿಗೆ ಬಾಯಿಂದ ಮದ್ದು ತುಂಬುವ ಕೋವಿಯನ್ನೂ ಬೇರೆ ಮಾಡಿ, ಅವುಗಳ ಅರ್ಜಿಯನ್ನು ಸುಲಭದ ದಾರಿಯಲ್ಲಿಟ್ಟಿದೆ. ರೈಫಲನ್ನು ಕೇಳುವವನು ತನಗೆ ಅದೇ ಏಕೆ ಬೇಕೆಂಬುದಕ್ಕೆ ತಕ್ಕ ಕಾರಣವನ್ನು ಕೊಡಬೇಕು. ಕನಕಪುರದ ರಸ್ತೆಯ ರೈತನು ಹಂದಿಯ ಕಾಟಕ್ಕೆ ಕೋವಿ ಬೇಕೆಂದಾಗ ಅಧಿಕಾರಿಗಳು ಮೊದಲು ನೋಡುವುದು ಇದನ್ನೇ.

ಕೊಡಗಿನವರ ಮಾತು ಬೇರೆ. ಕಮಿಷನರ್ ಮಾರ್ಕ್ ಕಬ್ಬನರ ಕಾಲದಲ್ಲಿ, 1861 ರಲ್ಲಿ, ನಿರಾಯುಧಗೊಳಿಸುವ ಕಾನೂನಿನಿಂದ ಅವರಿಗೆ ದೊರೆತ ವಿನಾಯಿತಿ ಇಂದಿಗೂ ಬಂದಿದೆ. 2019 ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು, 2021 ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದಿನ ದಿನ ಕೋವಿಗೆ ಹೂವೇರಿಸಿ ಪೂಜಿಸುವ ಆ ಮನೆತನಗಳಲ್ಲಿ ಮೊದಲ ಕೋವಿಯನ್ನು ಯಾರೂ ಕೊಳ್ಳುವುದಿಲ್ಲ. ಅದು ಮನೆಯಲ್ಲಿಯೇ ಇರುತ್ತದೆ. ಬನಶಂಕರಿಯಲ್ಲೋ ಜಯಪ್ರಕಾಶನಾರಾಯಣ ನಗರದಲ್ಲೋ ಮನೆ ಮಾಡಿರುವ ಕೊಡವರಲ್ಲಿ ನಾವು ಮಾತನಾಡಿಸಿದವರು ಕೋವಿಯನ್ನು ಊರಿನ ಐನ್‌ಮನೆಯಲ್ಲಿಯೇ ಬಿಟ್ಟುಬಂದವರು.

ಇಷ್ಟು ಪೀಠಿಕೆಯಾದಮೇಲೆ ಬೀರುವಿನ ಹಿಂದಿನ ಕೋವಿಗೆ ಬರೋಣ. ಜಯನಗರದಲ್ಲಿ ನಮಗೆ ಬೇಕಾದ ಮನೆಯೊಂದರಲ್ಲಿ ಯಜಮಾನರು ತೀರಿಕೊಂಡು ಎಂಟು ತಿಂಗಳಾಗಿತ್ತು. ಗೋಡೆಗೆ ಸುಣ್ಣ ಹೊಡೆಸಲು ಬೀರುವನ್ನು ಸರಿಸಿದಾಗ ದುಪ್ಪಟಿಯಲ್ಲಿ ಸುತ್ತಿದ್ದ ರೈಫಲು ಕಂಡಿತು. ಆಕೆಯ ಅಣ್ಣನ ಮಗ ನೋಡಿ, "ಅತ್ತೆ, ಇದು ಮಿಲಿಟರಿ ಬಂದೂಕು. ಯಾರಿಗಾದರೂ ಗೊತ್ತಾದರೆ ಜೈಲು. ರಾತ್ರಿ ಎಲ್ಲಾದರೂ ಕೆರೆಗೆ ಹಾಕಿಬಿಡೋಣ" ಎಂದನಂತೆ. "ನಿಮ್ಮ ಮಾವ ಕಳ್ಳ ಸಾಮಾನು ಇಟ್ಟವರಲ್ಲಪ್ಪ. ಕಾಗದವೆಲ್ಲ ಟ್ರಂಕಿನಲ್ಲಿರಬೇಕು, ಹುಡುಕು" ಎಂದು ಆಕೆ ಹೇಳಿ ನಮಗೆ ಹೇಳಿಕಳುಹಿಸಿದರು.

ನಾವು ಹೋಗಿ ನೋಡಿದಾಗ ಹುಡುಗನ ಭಯಕ್ಕೆ ಕಾರಣವಿಲ್ಲದೆ ಇರಲಿಲ್ಲ. ಬೋಲ್ಟು, ಹೊಟ್ಟೆಯ ಪೆಟ್ಟಿಗೆ, ಹಿತ್ತಾಳೆಯ ಹಿಂಭಾಗ, ಎಲ್ಲವೂ ಪೇದೆಯ ರೈಫಲಿನಂತೆಯೇ. ಮರ ಮಾತ್ರ ನಳಿಗೆಯ ಅರ್ಧಕ್ಕೆ ನಿಂತಿತ್ತು. ಕಾನೂನು ಮರವನ್ನು ನೋಡುವುದಿಲ್ಲ. ಹೊಟ್ಟೆ ಬರಿದಾಗಿದೆಯೆ, ನಳಿಗೆಯ ಹಿಂಬದಿಯಲ್ಲಿ ತೋಟಾ ಇಲ್ಲವೆ ಎಂದು ಮೊದಲು ಬೆರಳಿಟ್ಟು ನೋಡಿ, ಆಮೇಲೆ ನಳಿಗೆಯ ಬುಡವನ್ನು ಒರಸಿ ಬೆಳಕಿಗೆ ಹಿಡಿದೆವು. ಇಛಾಪುರದ ಗುರುತು, ಸಂಖ್ಯೆ, ಪಕ್ಕದಲ್ಲಿ .315 ಎಂದು ಕೊರೆದಿತ್ತು. ಟ್ರಂಕಿನಲ್ಲಿ ಲೈಸೆನ್ಸಿನ ಪುಸ್ತಕವೂ ಸಿಕ್ಕಿತು. ಸಂಖ್ಯೆ ಕೋವಿಯ ಮೇಲಿನ ಸಂಖ್ಯೆಗೆ ಸರಿಹೊಂದಿತು. ಆಕೆ ಅದನ್ನು ಕಂಡು ಒಂದು ಮಾತನ್ನೂ ಆಡದೆ ಒಳಕ್ಕೆ ಹೋಗಿ ಕಾಫಿ ತಂದರು.

ಆ ಎರಡು ಅಂಕಿಗಳ ನಡುವಣ ಅಂತರ ಸಣ್ಣದಲ್ಲ. ನಿಷಿದ್ಧ ವರ್ಗದ ಆಯುಧವನ್ನು ಅನುಮತಿಯಿಲ್ಲದೆ ಇಟ್ಟುಕೊಂಡವನಿಗೆ ಈಗ 7 ರಿಂದ 14 ವರ್ಷದ ಶಿಕ್ಷೆಯುಂಟು. ನಿಷಿದ್ಧವಲ್ಲದ್ದಕ್ಕೂ ಲೈಸೆನ್ಸಿಲ್ಲದಿದ್ದರೆ 2 ರಿಂದ 5 ವರ್ಷ. ಯಜಮಾನರ ಲೈಸೆನ್ಸು ಯಜಮಾನರದು. ಅವರು ಹೋದಮೇಲೆ ಕೋವಿಯನ್ನು ಅನಗತ್ಯವಾಗಿ ತಡಮಾಡದೆ ಹತ್ತಿರದ ಪೋಲೀಸು ಠಾಣೆಯಲ್ಲಿಯೋ ಲೈಸೆನ್ಸುಳ್ಳ ವ್ಯಾಪಾರಿಯಲ್ಲಿಯೋ ಒಪ್ಪಿಸಿ ರಸೀತಿ ಪಡೆಯಬೇಕೆಂದು ಕಾನೂನಿನ 21 ನೆಯ ಕಲಮು ಹೇಳುತ್ತದೆ. ಕೆರೆಗೆ ಹಾಕಿದರೆ ಆಗುವ ಅನರ್ಥವನ್ನು ಯೋಚಿಸಿ: ಸರ್ಕಾರದ ಪುಸ್ತಕದಲ್ಲಿ ಕೋವಿ ಆ ಮನೆಯ ಹೆಸರಿನಲ್ಲಿಯೇ ಇರುತ್ತದೆ, ತೋರಿಸಿ ಎಂದಾಗ ತೋರಿಸಲು ಏನೂ ಇರುವುದಿಲ್ಲ. ಆಕೆ ಮರುದಿನವೇ ವಕೀಲರೊಬ್ಬರನ್ನು ಜೊತೆಮಾಡಿಕೊಂಡು ಠಾಣೆಗೆ ಕಾಗದ ಬರೆದುಕೊಟ್ಟು ಕೋವಿಯನ್ನು ಒಪ್ಪಿಸಿದರು. ಮಗನಿಗೆ ಬೇಕಾದರೆ ಉತ್ತರಾಧಿಕಾರಿಯಾಗಿ ತನ್ನ ಹೆಸರಿಗೆ ಲೈಸೆನ್ಸು ಕೇಳಬಹುದು. ಇಷ್ಟು ಕಾಯಬೇಕಾಗಿಯೂ ಇರಲಿಲ್ಲ. 2016 ರ ನಿಯಮಗಳಂತೆ ಯಜಮಾನನಿಗೆ 70 ವರ್ಷವಾದಾಗಲೋ ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದಾಗಲೋ ಆತನು ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಮಾಡಿಸುವ ದಾರಿಯುಂಟು. ಈ ನಿಯಮವನ್ನು ಬಲ್ಲವರು ನಮ್ಮ ಬಡಾವಣೆಗಳಲ್ಲಿ ಬಹಳ ಕಡಮೆ. ಮಾರುವುದಾದರೆ ಕೊಳ್ಳುವವನಿಗೂ ಲೈಸೆನ್ಸಿರಬೇಕು. ಮಾರುವವನು ಬರೆವಣಿಗೆಯಲ್ಲಿ ತಿಳಿಸಿ 45 ದಿನ ಕಳೆದಿರಬೇಕು.

ಲೈಸೆನ್ಸು ಪಡೆದು ಅಂಥ .315 ಒಂದನ್ನು ಕೊಂಡವನು ಅದರಿಂದ ಇಲ್ಲಿ ಬೇಟೆಯಾಡಬಹುದೆ? ಆಡಲಾಗದು, ಇದನ್ನು ನಯಮಾಡಿ ಹೇಳುವುದರಿಂದ ಉಪಕಾರವಿಲ್ಲ. 1972 ರ ವನ್ಯಜೀವಿ ಕಾನೂನು ಬಂದಾಗ ಕೆಲವು ಮೃಗಗಳ ಬೇಟೆಗಾದರೂ ಪರವಾನಗಿಯಿತ್ತು. 1991 ರ ತಿದ್ದುಪಡಿ ಅದನ್ನೂ ಮುಚ್ಚಿತು. ಬೆಳೆಗೋ ಜೀವಕ್ಕೋ ಅಪಾಯ ತಂದ ಮೃಗವನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪಾಲಕರು ಬರೆದು ಅಪ್ಪಣೆ ಕೊಡಬಹುದು, ಅದು ಬೇಟೆಯಲ್ಲ. 1948 ರಲ್ಲಿ ಜಯನಗರಕ್ಕೆ ಅಸ್ತಿಭಾರ ಹಾಕಿದಾಗ ಅದರಾಚೆಯೆಲ್ಲ ಹೊಲ, ತೋಪು, ಕೆರೆ. ಬನ್ನೇರುಘಟ್ಟ, ಜವಳಗಿರಿಗಳ ಕಾಡನ್ನು ಆಂಡರ್‌ಸನ್ನರ ಪುಸ್ತಕಗಳಲ್ಲಿ ಓದಿದವರು ಬಲ್ಲರು. ಆ ಬನ್ನೇರುಘಟ್ಟ 1974 ರಿಂದ ರಾಷ್ಟ್ರೀಯ ಉದ್ಯಾನ. ಚಿರತೆ ಇನ್ನೂ ಬರುತ್ತದೆ. 2023 ರಲ್ಲಿ ಕೂಡ್ಲು ಗೇಟಿನ ಬಳಿ ಮನೆಗಳ ನಡುವೆಯೇ ಬಂದಿತ್ತು. ಅದನ್ನು ಎದುರಿಸಹೋಗುವುದು ಅರಣ್ಯ ಇಲಾಖೆಯವರ ಕೆಲಸ. ಲೈಸೆನ್ಸು ಕೈಯಲ್ಲಿರುವ ಗೃಹಸ್ಥನದಲ್ಲ. ಗುರಿಯ ಆಸೆ ಇರುವವನಿಗೆ ರೈಫಲ್ ಸಂಘಗಳ ಮೈದಾನವೂ .22 ರ ಸಣ್ಣ ರೈಫಲೂ ಇವೆ. ನಮ್ಮ ಅಭಿಪ್ರಾಯದಲ್ಲಿ ಎಲ್ಲಿಯೇ ಬೇಟೆಯಾಡಹೋಗುವವನಿಗೂ ಮೊದಲ ಪಾಠಶಾಲೆ ಅದೇ.

ಇನ್ನು ಕಡಲಾಚೆಯ ಮಗ. ಅವನಿಗೆ ಬೇಟೆಯ ಹಕ್ಕಿದೆ, ಅಂಗಡಿಯಿದೆ, ಸೇನೆಯ ಹಳೆಯ ರೈಫಲೂ ಇದೆ. ಆದರೆ ನಮ್ಮ ಹುಡುಗರಲ್ಲಿ ಅನೇಕರು ತಿಳಿಯದ ಒಂದು ತೊಡಕುಂಟು. ಅಮೆರಿಕದಲ್ಲಿ ಎಚ್-1-ಬಿ ಮೊದಲಾದ ತಾತ್ಕಾಲಿಕ ವೀಸಾಗಳಲ್ಲಿ ಇರುವವನು ಕೋವಿಯನ್ನು ಮುಟ್ಟುವುದೇ ಅಲ್ಲಿಯ ಕೇಂದ್ರ ಕಾನೂನಿನಂತೆ ಅಪರಾಧ. ಯಾವುದಾದರೊಂದು ಸಂಸ್ಥಾನದ ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸು ಕೈಯಲ್ಲಿರುವುದು ಅದಕ್ಕಿರುವ ಮುಖ್ಯ ವಿನಾಯಿತಿ. ಕೋವಿಯನ್ನು ಕೊಂಡು ಆಮೇಲೆ ಬೇಟೆಯ ಲೈಸೆನ್ಸು ತೆಗೆದರಾಯಿತು ಎಂದುಕೊಂಡವನು ಕೆಲಸವನ್ನೂ ವೀಸಾವನ್ನೂ ಕಳೆದುಕೊಂಡಾನು. ಮೊದಲು ಬೇಟೆಯ ಶಿಕ್ಷಣದ ತರಗತಿ, ಬಳಿಕ ಲೈಸೆನ್ಸು, ಅದಾದಮೇಲೆ ಅಂಗಡಿ. ಈ ಕ್ರಮ ತಪ್ಪಬಾರದು.

ಬೆಲೆಯ ವಿಚಾರ. ಅಗ್ಗ ಎಂಬ ಮಾತು ಅರುವತ್ತು ವರ್ಷದ ಹಿಂದಿನದು. ಮರವನ್ನು ಕತ್ತರಿಸದೆ ಮೂಲರೂಪದಲ್ಲಿ ಉಳಿದಿರುವ ಲೀ-ಎನ್‌ಫೀಲ್ಡಿಗೂ ಮೌಸರಿಗೂ ಈಗ ಸಂಗ್ರಹಕಾರರು ಬೆಲೆ ಕಟ್ಟುತ್ತಾರೆ. ದುರ್ಬೀನು ಸಹಿತವಾದ ಹೊಸ ಬೇಟೆಯ ರೈಫಲು ಎಷ್ಟೋ ಸಲ ಅದಕ್ಕಿಂತ ಕಡಮೆಗೆ ಸಿಕ್ಕುತ್ತದೆ. ಹಾಗಿದ್ದೂ ಹಳೆಯದೇ ಬೇಕೆಂದರೆ, ಹಿಂದೆ ಯಾರೋ ಮರ ಮೊಟಕುಮಾಡಿ ಬೇಟೆಗೆ ಹೊಂದಿಸಿದ್ದನ್ನೇ ಕೊಳ್ಳಬೇಕು. ಸಂಗ್ರಹಕಾರನಿಗೆ ಅದು ಬೇಡ. ಬೇಟೆಗಾರನಿಗೆ ಅದೇ ಬೇಕು. ಹಾಳಾಗದೆ ಉಳಿದಿರುವ ಚರಿತ್ರೆಯ ವಸ್ತುವಿಗೆ ಗರಗಸ ಹಾಕುವುದನ್ನು ನಾವಂತೂ ಒಪ್ಪೆವು.

ಕೊಳ್ಳುವಾಗ ನೋಡತಕ್ಕದ್ದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಇಲ್ಲಿ ತಪ್ಪಿದರೆ ಕಳೆದುಕೊಳ್ಳುವುದು ಕಣ್ಣು. ಬೋಲ್ಟಿನ ಹಿಡಿಯ ಹಿಂಭಾಗದಲ್ಲಿ ಒಂದು ಸಂಖ್ಯೆ, ಕೋವಿಯ ಮೈಮೇಲೆ ಒಂದು ಸಂಖ್ಯೆ ಇರುತ್ತದೆ. ಎರಡೂ ಒಂದೇ ಆಗಿದ್ದರೆ ಆ ಬೋಲ್ಟು ಆ ಕೋವಿಗೇ ಹುಟ್ಟಿದ್ದು. ಬೇರೆಯಾಗಿದ್ದರೆ ಯಾರೋ ಗುಜರಿಯಿಂದ ಹೊಂದಿಸಿದ್ದಾರೆ. ಹೊಂದಿಸಿದ್ದರಲ್ಲಿ ತೋಟಾದ ಬುಡಕ್ಕೂ ಬೋಲ್ಟಿನ ಮುಖಕ್ಕೂ ನಡುವಣ ಎಡೆ ಹೆಚ್ಚಾಗಿರಬಹುದು. ಎಡೆ ಹೆಚ್ಚಾದರೆ ತೋಟಾದ ಹಿತ್ತಾಳೆ ಹಿಂದಕ್ಕೆ ಎಳೆದುಕೊಂಡು ಸೀಳುತ್ತದೆ. ಸುಡುವ ಅನಿಲ ಹಾರಿಸುವವನ ಮುಖದ ಕಡೆಗೆ ನುಗ್ಗುತ್ತದೆ. .303 ಕ್ಕೆ ಸೇನೆಯವರು ಇಟ್ಟ ಮಿತಿ 0.064 ಅಂಗುಲದಿಂದ 0.074 ಅಂಗುಲ. ಇದನ್ನು ಕಣ್ಣಿನಿಂದ ಅಳೆಯಲಾಗದು. ಕಸಬುದಾರನಲ್ಲಿ ಇದಕ್ಕಾಗಿಯೇ ಉಕ್ಕಿನ ಬಿಲ್ಲೆಗಳಿವೆ. ಅಳೆಯಿಸುವ ಕೂಲಿಯನ್ನು ಉಳಿಸಲು ನೋಡುವವನಿಗೆ ಕೋವಿಯೇ ಬೇಡ.

ಮೈಮೇಲೆ ಡಿ, ಪಿ ಎಂಬ ಎರಡು ಇಂಗ್ಲಿಷ್ ಅಕ್ಷರಗಳು ಕೊರೆದಿದ್ದರೆ ಅದು ಕವಾಯತಿಗೆಂದು ಮಾತ್ರ ಇಟ್ಟಿದ್ದ ಕೋವಿ. ಗುಂಡು ಹಾರಿಸಲು ತಕ್ಕುದಲ್ಲವೆಂದು ಸೇನೆಯೇ ತೀರ್ಮಾನಿಸಿದ್ದು. ಬಣ್ಣ ಬಳಿದು ಆ ಅಕ್ಷರಗಳನ್ನು ಮುಚ್ಚುವವರಿದ್ದಾರೆ. ನಳಿಗೆಯ ಮುಂಭಾಗದ ಮರಕ್ಕೆ ತಾಮ್ರದ ತಂತಿಯನ್ನು ಒತ್ತಾಗಿ ಸುತ್ತಿದ್ದರೆ ಅದರಿಂದ ಕೈಬಾಂಬನ್ನು ಎಸೆಯುತ್ತಿದ್ದರೆಂದು ತಿಳಿಯಬೇಕು. ಬಹಳ ದುಡಿದ ಮೈ ಅದು, ಬಿಟ್ಟುಬಿಡುವುದೇ ಲೇಸು.

ಬಳಿಕ ನಳಿಗೆ. ಬೋಲ್ಟನ್ನು ತೆಗೆದು ಆಕಾಶಕ್ಕೆ ಹಿಡಿದು ಹಿಂದಿನಿಂದ ನೋಡಿದರೆ ಒಳಗಣ ಸುರುಳಿಗೆರೆಗಳು ಮೊದಲಿಂದ ಕೊನೆಯವರೆಗೆ ಚೂಪಾಗಿ ಕಾಣಬೇಕು. ಕಪ್ಪು ಚುಕ್ಕೆಗಳಿದ್ದರೆ ತುಕ್ಕು ತಿಂದಿದೆ. ಹಳೆಯ ಕಾರ್ಡೈಟು ಮದ್ದು ಬಹು ಬಿಸಿಯಾಗಿ ಉರಿಯುವುದರಿಂದ ತೋಟಾ ಕೂರುವ ಜಾಗದ ಮುಂದೆಯೇ ಗೆರೆಗಳು ಕರಗಿಹೋಗಿರುವುದೂ ಉಂಟು. ಮೂತಿಯ ತುದಿ ಸವೆದಿರುವುದು ಇನ್ನೊಂದು ರೋಗ. ಸಿಪಾಯಿಗಳು ನಳಿಗೆಯನ್ನು ಶುಚಿಮಾಡಲು ಹಗ್ಗವನ್ನು ಮೂತಿಗೆ ಓರೆಯಾಗಿ ಎಳೆದೆಳೆದು, ಬಾವಿಯ ಕಲ್ಲನ್ನು ಹಗ್ಗ ಸವೆಸುವಂತೆ, ಅಲ್ಲಿಯ ವೃತ್ತವನ್ನೇ ಕೆಡಿಸಿರುತ್ತಾರೆ. ಮೂತಿ ಕೆಟ್ಟರೆ ಗುಂಡು ಹೊರಡುವ ಕೊನೆಯ ಕ್ಷಣದಲ್ಲಿ ದಾರಿ ತಪ್ಪುತ್ತದೆ. ಮರದ ಹೊಳಪಿಗೆ ಮರುಳಾದವನು ಇವಾವುದನ್ನೂ ನೋಡುವುದಿಲ್ಲ.

ನಮ್ಮ ಇಛಾಪುರದ ಹಳೆಯ .315 ಕ್ಕೂ ಈ ಪರೀಕ್ಷೆಗಳೇ ಸಲ್ಲುತ್ತವೆ. ಎಡೆಯ ಅಳತೆ ಮಾತ್ರ ಅದರದೇ ಬೇರೆ. ಒಂದರ ತೋಟಾವನ್ನು ಇನ್ನೊಂದಕ್ಕೆ ಹಾಕಿ ನೋಡೋಣವೆಂಬ ಪ್ರಯೋಗಬುದ್ಧಿಯನ್ನು ಮನೆಯಲ್ಲಿಯೇ ಬಿಟ್ಟುಬರಬೇಕು.

ಕೋವಿ ಒಳ್ಳೆಯದೇ ಸಿಕ್ಕಿತೆನ್ನೋಣ. ಗುಂಡು? ಸೇನೆಯ ಕೋವಿಯೊಡನೆ ಸೇನೆಯ ತೋಟಾವೂ ಅಗ್ಗವಾಗಿ ಸಿಕ್ಕುತ್ತದೆ. ಹೊಸಬನು ಎಡವುವುದು ಇಲ್ಲಿಯೇ. ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆಯಲ್ಲಿ 1890 ರ ದಶಕದಲ್ಲಿ ಮೂತಿಯ ಕವಚವನ್ನು ಬಿಟ್ಟು ಮಾಡಿದ ಗುಂಡುಗಳು ಮೈಯೊಳಗೆ ಹೂವಿನಂತೆ ಅರಳಿ ದೊಡ್ಡ ಗಾಯ ಮಾಡುತ್ತಿದ್ದವು. 1899 ರ ಹೇಗ್ ಘೋಷಣೆ ಅಂಥ ಗುಂಡುಗಳನ್ನು ಯುದ್ಧದಲ್ಲಿ ಬಳಸಕೂಡದೆಂದಿತು. ಅಂದಿನಿಂದ ಸೇನೆಯ ಗುಂಡು ಪೂರ್ಣವಾಗಿ ಲೋಹದ ಕವಚ ತೊಟ್ಟದ್ದು; .303 ರದು ತೂಕದಲ್ಲಿ 174 ಗ್ರೇನು, ವೇಗದಲ್ಲಿ ಸೆಕೆಂಡಿಗೆ ಸುಮಾರು 2440 ಅಡಿ. ಮನುಷ್ಯನ ಮೇಲಿನ ಕರುಣೆಯಿಂದ ಹುಟ್ಟಿದ ಈ ಗುಂಡು ಮೃಗದ ಪಾಲಿಗೆ ಕ್ರೂರವಾಯಿತು. ಅದು ಜಿಂಕೆಯ ಮೈಯನ್ನು ಸೂಜಿಯಂತೆ ತೂರಿ ಹೋಗುತ್ತದೆ, ಜಿಂಕೆ ಓಡುತ್ತದೆ, ಎಲ್ಲಿಯೋ ಪೊದೆಯಲ್ಲಿ ಎರಡು ದಿನ ನರಳಿ ಸಾಯುತ್ತದೆ. ಅಮೆರಿಕದ ಅನೇಕ ಸಂಸ್ಥಾನಗಳು ಜಿಂಕೆಗೆ ಅರಳುವ ಗುಂಡನ್ನೇ ಬಳಸಬೇಕೆಂದು ಕಟ್ಟುಮಾಡಿರುವುದು ಇದಕ್ಕಾಗಿಯೇ. ಯುದ್ಧಕ್ಕೆ ನಿಷಿದ್ಧವಾದದ್ದು ಬೇಟೆಗೆ ವಿಧಿಯಾಯಿತು.

ಗಾಯಗೊಂಡ ಮೃಗ ಹುಲಿಯಾದರೆ ಪರಿಣಾಮ ಇನ್ನೂ ಘೋರ. ಕಾರ್ಬೆಟ್ಟರು ಕೊಂದ ಚಂಪಾವತದ ಹುಲಿಯ ಬಲಗಡೆಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಹಿಂದೆ ಯಾರೋ ಹಾರಿಸಿದ ಗುಂಡಿನ ಫಲ. ಸಹಜವಾದ ಬೇಟೆ ಕೈಲಾಗದೆ ಅದು ಮನುಷ್ಯರನ್ನು ಹಿಡಿಯತೊಡಗಿತೆಂದು ಅವರು ಬರೆದಿದ್ದಾರೆ. ಅದು ಕೊಂದವರ ಲೆಕ್ಕ ನಾನೂರಕ್ಕೂ ಮೇಲೆಂದು ಅವರು ಹೇಳುತ್ತಾರೆ. ಆ ಮೊದಲ ಗುಂಡನ್ನು ಹಾರಿಸಿದವನ ಹೆಸರು ಯಾರಿಗೂ ತಿಳಿಯದು.

ಗುರಿಗಣ್ಣಿನ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಲೀ-ಎನ್‌ಫೀಲ್ಡಿನ ಹಿಂಗಣ್ಣಿನಲ್ಲಿ 2000 ಗಜದವರೆಗೆ ಅಂಕಿಗಳಿವೆ. ಅದು ಒಂದು ದಳವೆಲ್ಲ ಕೂಡಿ ಇನ್ನೊಂದು ದಳದ ಮೇಲೆ ಹಾರಿಸುವ ಲೆಕ್ಕ. ಕಾಡಿನಲ್ಲಿ ಹೊಸಬನಿಗೆ 100 ಗಜದಾಚೆಯದು ಇಲ್ಲವೆಂದೇ ಭಾವಿಸಬೇಕು. ಸೇನೆಯ ಟ್ರಿಗರನ್ನು ಎರಡು ಹಂತವಾಗಿ ಎಳೆಯಬೇಕು. ಮೊದಲು ಸಡಿಲ, ಬಳಿಕ ಬಿಗಿ. ಇದಕ್ಕೆ ಬೆರಳು ಒಗ್ಗುವವರೆಗೆ ಕಾಗದದ ಗುರಿಯ ಮೇಲೆ ಅಭ್ಯಾಸವಾಗಬೇಕು. ಮೃಗವನ್ನು ಅಭ್ಯಾಸದ ಹಲಗೆ ಮಾಡಿಕೊಳ್ಳಬಾರದು.

ಅಭ್ಯಾಸಕ್ಕೆಂದು ಸೇನೆಯ ಹಳೆಯ ತೋಟಾವನ್ನು ಬಳಸಿದರೆ ಒಂದು ಕೆಲಸ ಅಂದೇ ಆಗತಕ್ಕದ್ದು. ಆ ಕಾಲದ ಕೇಪಿನ ಮದ್ದು ಉರಿದಾಗ ನಳಿಗೆಯೊಳಗೆ ಉಪ್ಪು ಉಳಿಯುತ್ತದೆ. ಎಣ್ಣೆ ಬಟ್ಟೆಯಿಂದ ಎಷ್ಟು ಉಜ್ಜಿದರೂ ಉಪ್ಪು ಹೋಗದು. ಎಣ್ಣೆಯ ಕೆಳಗೆ ಕುಳಿತು ಗಾಳಿಯ ತೇವವನ್ನು ಹೀರಿ ಎರಡೇ ದಿನದಲ್ಲಿ ಉಕ್ಕನ್ನು ತಿನ್ನುತ್ತದೆ. ಉಪ್ಪಿಗೆ ಮದ್ದು ನೀರು. ಬೋಲ್ಟನ್ನು ತೆಗೆದು, ಒಂದು ಆಲಿಕೆಯಿಟ್ಟು ಹಿಂಬದಿಯಿಂದ ಕುದಿಯುವ ನೀರನ್ನು ಎರಡು ಮೂರು ಚೊಂಬಿನಷ್ಟು ಹೊಯ್ಯಬೇಕು. ನಳಿಗೆ ಕೈ ಸುಡುವಷ್ಟು ಬಿಸಿಯಾಗುವುದರಿಂದ ಒಳಗಿನ ತೇವ ತಾನೇ ಆರುತ್ತದೆ. ಒಣಬಟ್ಟೆಯನ್ನು ಹಿಂದಿನಿಂದ ಮುಂದಕ್ಕೆ ನೇರವಾಗಿ, ಮೂತಿಗೆ ತಾಗದಂತೆ, ಎರಡು ಸಲ ಎಳೆದು, ಆಮೇಲೆ ತೆಳುವಾಗಿ ಎಣ್ಣೆ. ಬೋಲ್ಟಿನ ಮುಖಕ್ಕೂ ಅದೇ ನೀರು, ಅದೇ ಎಣ್ಣೆ.